ಊರಿಗೂ ಶಾಲೆಗೂ ಒಂದೇ ಗರಡಿ

ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಗೌರಿಬಿದನೂರು ಸೀಮೆಯ ಯಾವುದಾದರೊಂದು ಅಂಗಳದಲ್ಲಿ ನೇರವಾಗಿ ಒಂದು ಕೋಲನ್ನು ನೆಟ್ಟು, ನಡುಹಗಲಿನ ಹೊತ್ತಿಗೆ ಹೋಗಿ ನೋಡಿದರೆ ಅದಕ್ಕೆ ನೆರಳೇ ಇರುವುದಿಲ್ಲ. ಆ ಸೀಮೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿಮೂರೂವರೆ ಡಿಗ್ರಿಯ ದೂರದಲ್ಲಿದೆ. ಉತ್ತರದತ್ತ ಸರಿಯುತ್ತಿರುವ ಸೂರ್ಯ ಆ ದಿನಗಳಲ್ಲಿ ಅದರ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಮನುಷ್ಯನ ನೆರಳು ಅವನ ಪಾದದಡಿಯಲ್ಲಿಯೇ ಅಡಗಿಬಿಡುವ ಕಾಲವದು. ಇಂಥದೇ ದಿನಗಳಲ್ಲಿ, 1938ರ ಏಪ್ರಿಲ್ 25ರಂದು, ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ ಸಾವಿರಾರು ಜನ ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನೇರಿಸಲು ನೆರೆದರು; ಪೊಲೀಸರ ಗುಂಡಿಗೆ ಬಲಿಯಾದರು. ಮಡಿದವರು 32 ಮಂದಿಯೆಂದು ಅಲ್ಲಿನ ಸ್ಮಾರಕ ಹೇಳುತ್ತದೆ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸೀಮೆಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತನಾಡಿ ಒಪ್ಪಂದಕ್ಕೆ ಬಂದುದು ಆಮೇಲಿನ ಕಥೆ.

ಆ ಊರಿಗೆ ಹೆಸರು ಕೊಟ್ಟ, ವಿದುರನೇ ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥವೃಕ್ಷ 2001ರಲ್ಲಿ ಉರುಳಿಬಿತ್ತು. ಸುತ್ತಲೂ ಭಕ್ತರು ಪ್ರತಿಷ್ಠಿಸಿದ ಸಾವಿರಾರು ನಾಗರಕಲ್ಲುಗಳು ಈಗಲೂ ಇವೆ. ನಮ್ಮ ಹಳ್ಳಿಗಳಲ್ಲಿ ಅಶ್ವತ್ಥಕಟ್ಟೆಯೆಂದರೆ ಪೂಜೆಯ ಸ್ಥಳ ಮಾತ್ರವಾಗಿರಲಿಲ್ಲ. ಅದೇ ಪಂಚಾಯಿತಿಯ ಸಭಾಂಗಣ, ಅದೇ ಕೂಲಿಮಠ, ಅದೇ ಹುಡುಗರ ಆಟದ ಅಂಗಳ. ಅದಕ್ಕೆ ಬಾಗಿಲಿಲ್ಲ, ಬೀಗವಿಲ್ಲ, ಕರೆಂಟಿನ ಬಿಲ್ಲಂತೂ ಇಲ್ಲವೇ ಇಲ್ಲ. ಬೇಸಗೆಯ ನಡುಹಗಲಿನಲ್ಲಿಯೂ ತಂಪು.

ಇಂಥ ಊರಿನ ಶಾಲೆಗೆ ಒಂದು ವ್ಯಾಯಾಮಶಾಲೆ ಬೇಕೆಂದಿಟ್ಟುಕೊಳ್ಳೋಣ. ಹಗಲು ಅದು ಮಕ್ಕಳದು, ಬೆಳಗಿನ ಜಾವ ಮತ್ತು ಸಂಜೆ ಊರಿನವರದು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು ವಿಧಿಸಿದೆ. ವ್ಯಾಯಾಮಶಾಲೆಯ ಮಾತನ್ನು ಆಡಿಲ್ಲ. ಆದುದರಿಂದ ಎಲ್ಲಿಯಾದರೂ ಅಂಥದೊಂದು ಏಳುವುದಾದರೆ ದಾನಿಗಳ ಔದಾರ್ಯದಿಂದಲೋ ಯಾವುದಾದರೊಂದು ಅನುದಾನದಿಂದಲೋ ಏಳಬೇಕು. ಹಣ ಒಂದೇ ಸಲ ಬರುತ್ತದೆ, ಕರೆಂಟಿನ ಬಿಲ್ಲು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಬಿಲ್ಲು ಕಟ್ಟಲಾಗದ ಶಾಲೆ ಮೊದಲು ದೀಪವನ್ನು ಆರಿಸುತ್ತದೆ, ಆಮೇಲೆ ಬಾಗಿಲಿಗೆ ಬೀಗ ಹಾಕುತ್ತದೆ. ಕಟ್ಟಡದ ನಕ್ಷೆಗೂ ಊರಿನ ಮಕ್ಕಳ ಆರೋಗ್ಯಕ್ಕೂ ಇರುವ ಸಂಬಂಧ ಇದು.

ಹಳೆಯ ಗರಡಿಯ ಗುಟ್ಟು

ಊರಿಗೆಲ್ಲ ಒಂದೇ ವ್ಯಾಯಾಮಶಾಲೆ ಎಂಬುದು ಕನ್ನಡನಾಡಿಗೆ ಹೊಸತಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿನೋದಕ್ಕೂ ಸ್ಥಾನವುಂಟು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ: ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಸವರಿಕೊಂಡು, ಮಣ್ಣಿನ ದೊಡ್ಡ ಭಾರಗಳನ್ನೆತ್ತಿ, ಕತ್ತಿಯ ವರಸೆ ನಡೆಸಿ ಮೈಯೆಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಆಮೇಲೆ ಕುದುರೆ ಸವಾರಿ. ಇಷ್ಟೆಲ್ಲ ನಡೆದದ್ದು ಸೂರ್ಯ ಮೇಲೇರುವುದಕ್ಕೆ ಮೊದಲು ಎಂಬುದನ್ನು ವಾಚಕರು ಗಮನಿಸಬೇಕು.

ಮೈಸೂರಿನ ಗರಡಿಮನೆಗಳು ಈ ಪರಂಪರೆಯ ಉಳಿದ ಕೊಂಡಿ. ದಸರೆಯ ವಜ್ರಮುಷ್ಟಿ ಕಾಳಗದ ಜಟ್ಟಿಗಳು ಇಂಥ ಗರಡಿಗಳಲ್ಲಿಯೇ ತಯಾರಾದವರು. ಗರಡಿಯ ಬಾಗಿಲು ಸಾಮಾನ್ಯವಾಗಿ ಗಿಡ್ಡ. ಎಂಥ ಪೈಲ್ವಾನನಾದರೂ ತಲೆಬಾಗಿಯೇ ಒಳಹೋಗಬೇಕು. ಗೋಡೆ ದಪ್ಪ. ಕಿಟಕಿಗಳು ಕಡಮೆ, ಇದ್ದರೂ ಚಿಕ್ಕವು. ಒಳಗೆ ತಗ್ಗಿನಲ್ಲಿ ಮಟ್ಟಿ, ಅಂದರೆ ಜರಡಿ ಹಿಡಿದ ಕೆಮ್ಮಣ್ಣಿನ ಅಖಾಡ. ಅದಕ್ಕೆ ಅರಿಸಿನ, ಕುಂಕುಮ, ಕರ್ಪೂರ, ಎಣ್ಣೆ, ಮಜ್ಜಿಗೆ, ನಿಂಬೆರಸಗಳನ್ನು ಬೆರೆಸಿ ಹದಗೊಳಿಸುತ್ತಾರೆ. ಮೂಲೆಯಲ್ಲಿ ಗದೆ, ಲೋಡು, ಕಲ್ಲುಗುಂಡು. ಗೋಡೆಯ ಮೇಲೆ ಹನುಮಂತ.

ಇದರ ತಂಪಿಗೆ ಮಂತ್ರವೇನೂ ಬೇಕಾಗಿಲ್ಲ. ನೆಲದೊಳಗೆ ಕೆಲವು ಅಡಿ ಇಳಿದರೆ ಮಣ್ಣಿನ ಉಷ್ಣತೆ ಹಗಲು ರಾತ್ರಿಗಳ ಏರಿಳಿತವನ್ನು ಮರೆತುಬಿಡುತ್ತದೆ. ಇನ್ನೂ ಆಳಕ್ಕೆ ಹೋದಂತೆ ಅದು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವಾಗುತ್ತದೆ. ತಗ್ಗಿನಲ್ಲಿರುವ ಅಖಾಡ ಆ ತಂಪನ್ನು ಎರವಲು ಪಡೆಯುತ್ತದೆ. ದಪ್ಪ ಗೋಡೆಯಾದರೋ ಹಗಲಿನ ಬಿಸಿಲನ್ನು ಮೆಲ್ಲಮೆಲ್ಲನೆ ಕುಡಿಯುತ್ತದೆ; ಒಂದೂವರೆ ಅಡಿಯ ಕಲ್ಲು ಅಥವಾ ಮಣ್ಣಿನ ಗೋಡೆಯ ಹೊರಮೈಗೆ ತಾಗಿದ ಶಾಖ ಒಳಮೈಯನ್ನು ಮುಟ್ಟುವ ಹೊತ್ತಿಗೆ ಸುಮಾರು ಹತ್ತು ಹನ್ನೆರಡು ಗಂಟೆಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಊರು ಮಲಗಿರುತ್ತದೆ. ಬೆಳಗಿನ ಜಾವ ಉಸ್ತಾದರು ಬಂದು ಬಾಗಿಲು ತೆಗೆಯುವಾಗ ಹೊರಗಿನ ತಂಗಾಳಿ ಒಳಗೆ ಸೇರಿಕೊಳ್ಳುತ್ತದೆ.

ಹಾಗಾದರೆ ಶಾಲೆಗೂ ಒಂದು ಗರಡಿಯನ್ನೇ ಕಟ್ಟಿಬಿಟ್ಟರಾಯಿತಲ್ಲ ಎನ್ನಬಹುದು. ಆಗದು. ಗರಡಿ ಹತ್ತಿಪ್ಪತ್ತು ಜನರಿಗೆ ಸಾಕಾಗುವ ಮನೆ. ನಲವತ್ತು ಮಕ್ಕಳ ಒಂದು ತರಗತಿ ಅಲ್ಲಿ ಉಸಿರಾಡುವುದು ಕಷ್ಟ, ಚೆಂಡನ್ನು ಮೇಲೆ ಹಾರಿಸುವುದಂತೂ ಕನಸು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೊರತೆಯನ್ನು ಮರೆಮಾಚಬಾರದು. ಹಳೆಯ ಗರಡಿ ಊರಿಗೆಲ್ಲ ಸೇರಿದ್ದೆಂದು ಹೇಳುವುದು ಅರ್ಧ ಸತ್ಯ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಊರಿನ ಅರ್ಧ ಜನಕ್ಕೆ ಮುಚ್ಚಿದ್ದ ಬಾಗಿಲು ಎಷ್ಟು ತಂಪಾಗಿದ್ದರೇನು?

ಗರಡಿಯನ್ನು ಹೊಸ ಕಾಲಕ್ಕೆ ತಿರುಗಿಸಿದವರಲ್ಲಿ ಹಳೆಯ ಕೋಲಾರ ಜಿಲ್ಲೆಯವರೇ ಒಬ್ಬರಿದ್ದಾರೆ ಎಂಬುದು ಸಂತೋಷದ ಸಂಗತಿ. (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದುದು 2007ರಲ್ಲಿ, ಅದುವರೆಗೆ ವಿದುರಾಶ್ವತ್ಥವೂ ಕೋಲಾರ ಜಿಲ್ಲೆಗೇ ಸೇರಿತ್ತು.) ದೇವರಾಯಸಮುದ್ರದಲ್ಲಿ ಹುಟ್ಟಿದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ದೇಹದಾರ್ಢ್ಯದ ಪಾಠ ಹೇಳಿದರು. ಅದೇ ಕೈ 'ಶಾಂತಲಾ', 'ರೂಪದರ್ಶಿ'ಗಳನ್ನು ಬರೆಯಿತು. ಟಿ. ಪಿ. ಕೈಲಾಸಂ ಅವರು ಅಯ್ಯರರ ಆಪ್ತರು. ಅಯ್ಯರರ ಆಶ್ರಯದಲ್ಲಿಯೇ 'ರವಿ ಕಲಾವಿದರು' ಎಂಬ ನಾಟಕ ತಂಡವೂ ಬೆಳೆಯಿತು. ಬೆಳಗ್ಗೆ ತೂಕವೆತ್ತುವವರೊಡನೆ ಸಂಜೆ ಮಾತೆತ್ತುವವರಿಗೂ ಅಲ್ಲಿ ಬಳಗವಿತ್ತು. ಒಂದು ಸೂರು ಎಷ್ಟು ಕೆಲಸಕ್ಕೆ ಒದಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ದಿವಾನರು ಕರೆಸಿದ ವಾಸ್ತುಶಿಲ್ಪಿ

ವಿದುರಾಶ್ವತ್ಥದ ಗೋಲಿಬಾರಿನ ಮರುವರ್ಷ, 1939ರಲ್ಲಿ, ಅದೇ ದಿವಾನ್ ಮಿರ್ಜಾರ ಆಡಳಿತ ಬರ್ಲಿನ್ನಿನಿಂದ ಹೊರಬಿದ್ದಿದ್ದ ಒಬ್ಬ ತರುಣ ಯಹೂದಿ ವಾಸ್ತುಶಿಲ್ಪಿಗೆ ಮೈಸೂರು ಸಂಸ್ಥಾನದಲ್ಲಿ ಕೆಲಸ ಕೊಟ್ಟಿತು. ಆತ ಆಟೊ ಕೋನಿಗ್ಸ್‌ಬರ್ಗರ್. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕೆಲಕಾಲವಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರ ಸೋದರಳಿಯ. ಯೂರೋಪಿನಲ್ಲಿ ಬಿಸಿಲನ್ನು ಮನೆಯೊಳಕ್ಕೆ ಕರೆಯುವುದನ್ನು ಕಲಿತವನಿಗೆ ಇಲ್ಲಿ ಬಿಸಿಲನ್ನು ಹೊರಗೆ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಉದ್ದನೆಯ ಸೂರು, ಜಗಲಿ, ಗಾಳಿಯಾಡುವ ಗೋಡೆ, ದಿಕ್ಕನ್ನು ನೋಡಿ ಕಟ್ಟಡವನ್ನು ನಿಲ್ಲಿಸುವುದು, ಇವು ಅವರ ಕೆಲಸದ ಗುರುತುಗಳಾದುವು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವಿಗೆಂದೇ ತೆರೆದ ವಿಭಾಗದಲ್ಲಿ ಅವರು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಆ ವಿಷಯದಲ್ಲಿ ಅವರು ಸಹೋದ್ಯೋಗಿಗಳೊಡನೆ ಬರೆದ ಕೈಪಿಡಿ ಇಂದಿಗೂ ವಾಸ್ತುವಿದ್ಯೆಯ ಮಕ್ಕಳ ಕೈಯಲ್ಲಿದೆ.

ಅದರ ತಿರುಳನ್ನು ವಿದುರಾಶ್ವತ್ಥದ ಬಿಸಿಲಿಗೆ ಹೊಂದಿಸಿ ನೋಡಬಹುದು. ಜೂನ್ 21ರ ನಡುಹಗಲು ಅಲ್ಲಿ ಸೂರ್ಯ ನೆತ್ತಿಯಿಂದ ಹತ್ತು ಡಿಗ್ರಿಯಷ್ಟು ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರಂದು 37 ಡಿಗ್ರಿಯಷ್ಟು ದಕ್ಷಿಣಕ್ಕೆ. ಎರಡು ಹೊತ್ತೂ ನೆಲದಿಂದ ಎತ್ತರದಲ್ಲಿಯೇ ಇರುವುದರಿಂದ ದಕ್ಷಿಣೋತ್ತರ ಗೋಡೆಗಳಿಗೆ ನೆರಳು ಮಾಡುವುದು ಸುಲಭ. ನಾಲ್ಕು ಅಡಿ ಎತ್ತರದ ಕಿಟಕಿಗೆ ಮೂರು ಅಡಿ ಚಾಚಿದ ಸೂರಿದ್ದರೆ ಡಿಸೆಂಬರಿನ ನಡುಹಗಲಿನ ಬಿಸಿಲೂ ಒಳಗೆ ಬೀಳುವುದಿಲ್ಲ. ಪೂರ್ವ ಪಶ್ಚಿಮದ ಗೋಡೆಗಳ ಸ್ಥಿತಿ ಹಾಗಲ್ಲ. ಬೆಳಗ್ಗೆ ಎಂಟಕ್ಕೂ ಸಂಜೆ ನಾಲ್ಕಕ್ಕೂ ಬಿಸಿಲು ಅಡ್ಡಡ್ಡವಾಗಿ ಈಟಿಯಂತೆ ಬಂದು ನಾಟುತ್ತದೆ; ಎಷ್ಟು ಸೂರು ಚಾಚಿದರೂ ತಡೆಯದು. ಆದಕಾರಣ ಕಟ್ಟಡದ ಉದ್ದ ಪೂರ್ವಪಶ್ಚಿಮವಾಗಿರಲಿ, ಆ ಎರಡು ತುದಿಗಳ ಗೋಡೆ ಕುರುಡಾಗಿರಲಿ.

ವಾಲಿಬಾಲಿಗೆ ಅಂಗಳ 18 ಮೀಟರ್ ಉದ್ದ, 9 ಮೀಟರ್ ಅಗಲ; ಸುತ್ತ ಮೂರು ಮೀಟರ್ ಬಿಟ್ಟರೆ 24ಕ್ಕೆ 15 ಮೀಟರಿನ ಶಾಲೆ ಬೇಕು. ತಲೆಯ ಮೇಲೆ 7 ಮೀಟರ್ ತೆರವಿರಬೇಕು. ಅಷ್ಟರಲ್ಲಿ ಕಬಡ್ಡಿಯ 13ಕ್ಕೆ 10 ಮೀಟರಿನ ಅಂಗಳ ಸುಖವಾಗಿ ಹಿಡಿಯುತ್ತದೆ; ಬ್ಯಾಡ್ಮಿಂಟನ್ನಿನ ಎರಡು ಅಂಗಳಗಳು ಅಕ್ಕಪಕ್ಕದಲ್ಲಿ ಕೂಡುತ್ತವೆ. ಕುರುಡು ಗೋಡೆಗಳಿಂದ ಇಲ್ಲೊಂದು ಉಪಕಾರವೂ ಉಂಟು. ಅಂಗಳಗಳ ಉದ್ದವನ್ನೂ ಪೂರ್ವಪಶ್ಚಿಮವಾಗಿ ಹಾಕಿದರೆ ಆಡುವವರು ಆ ಗೋಡೆಗಳನ್ನೇ ಎದುರು ನೋಡುತ್ತಾರೆ. ಎದುರಿಗೆ ಕಿಟಕಿಯ ಪ್ರಖರ ಬೆಳಕಿದ್ದರೆ ಮೇಲಿಂದ ಬರುವ ಬಿಳಿಯ ಷಟಲ್ ಕಾಕ್ ಕಣ್ಣಿಗೇ ಬೀಳದು. ಬೆಳಕು ಪಕ್ಕದ ಎತ್ತರದ ಕಿಟಕಿಗಳಿಂದ, ಅದರಲ್ಲಿಯೂ ಉತ್ತರದಿಂದ ಬಂದರೆ ಹಗಲಿನಲ್ಲಿ ಒಂದು ದೀಪವನ್ನೂ ಹಚ್ಚಬೇಕಾಗಿಲ್ಲ.

ಬಿಸಿಲಿಗೂ ಗಾಳಿಗೂ ಇಲ್ಲಿ ಒಂದು ಜಗಳವಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಮುಂಗಾರಿನ ಗಾಳಿ ಬೀಸುವುದು ಪಡುವಣ ಕಡೆಯಿಂದ. ಆ ಗೋಡೆಯನ್ನೇ ಮುಚ್ಚಿಬಿಟ್ಟರೆ ಗಾಳಿಯನ್ನು ಹೊಸಿಲಲ್ಲೇ ತಿರುಗಿಸಿ ಕಳಿಸಿದಂತೆ. ಆದರೂ ಬಿಸಿಲಿನ ಮಾತನ್ನೇ ಮೊದಲು ಕೇಳುವುದು ಲೇಸು. ಗಾಳಿ ಸಾಲದಿದ್ದರೆ ಫ್ಯಾನು ಸ್ವಲ್ಪ ಕರೆಂಟಿನಲ್ಲಿ ಅದನ್ನು ತುಂಬಿಕೊಡುತ್ತದೆ. ಒಳಗೆ ನುಗ್ಗಿದ ಬಿಸಿಲನ್ನು ಹೊರಹಾಕುವುದು ದುಬಾರಿ.

ಸಂಜೆ ಏಳು ಗಂಟೆಯ ಪ್ರಶ್ನೆ

ಹಂಚಿಕೊಳ್ಳುವ ಕಟ್ಟಡದ ನಿಜವಾದ ಕಷ್ಟ ಮಾಡಿನಲ್ಲಿದೆ. ಈ ವಿಷಯ ಎಷ್ಟೋ ನಕ್ಷೆಗಳಲ್ಲಿ ಕಣ್ತಪ್ಪಿಹೋಗುತ್ತದೆ.

ನಿರ್ಮಲವಾದ ದಿನದ ನಡುಹಗಲಿನಲ್ಲಿ ಪ್ರತಿ ಚದರ ಮೀಟರ್ ಮಾಡಿನ ಮೇಲೂ ಸುಮಾರು ಒಂದು ಕಿಲೋವಾಟ್ ಬಿಸಿಲು ಸುರಿಯುತ್ತದೆ. 24ಕ್ಕೆ 15 ಮೀಟರಿನ ಮಾಡೆಂದರೆ 360 ಕಿಲೋವಾಟ್! ಬರಿಯ ತಗಡು ಹೊದಿಸಿದ ಷೆಡ್ಡಾದರೆ ತಗಡು 60 ಡಿಗ್ರಿಯನ್ನೂ ಮೀರಿ ಕಾದು ಕೆಳಗಿನ ಮಕ್ಕಳ ನೆತ್ತಿಯ ಮೇಲೆ ಶಾಖವನ್ನು ಸುರಿಯುತ್ತದೆ; ಹಗಲಿನ ವ್ಯಾಯಾಮದ ತರಗತಿ ಶಿಕ್ಷೆಯಾಗುತ್ತದೆ. ಇದಕ್ಕೆ ಹೆದರಿ ಕಾಂಕ್ರೀಟಿನ ತಾರಸಿ ಹಾಕಿದರೆ ಮಧ್ಯಾಹ್ನವೇನೋ ತುಸು ಹಿತ. ಆದರೆ ತಾರಸಿ ಹಗಲೆಲ್ಲ ಕೂಡಿಟ್ಟುಕೊಂಡ ಬಿಸಿಯನ್ನು ಬಿಚ್ಚುವುದು ಸಂಜೆಯಾದ ಮೇಲೆ. ಬೇಸಗೆಯಲ್ಲಿ ತಾರಸಿ ಮನೆಯಲ್ಲಿ ಮಲಗಿದ ಯಾವ ಗೃಹಿಣಿಗೂ ಇದನ್ನು ವಿವರಿಸಬೇಕಾಗಿಲ್ಲ. ಹೊಲದಿಂದ, ಕಾರ್ಖಾನೆಯಿಂದ, ಅಂಗಡಿಯಿಂದ ಊರಿನವರು ಬಿಡುವು ಮಾಡಿಕೊಂಡು ಬರುವ ಏಳು ಗಂಟೆಗೆ ಸರಿಯಾಗಿ ಒಳಗೆ ಒಲೆ ಹೊತ್ತಿಸಿಟ್ಟಂತಿರುತ್ತದೆ. ಶಾಲೆಗೆ ಒಳ್ಳೆಯದಾದ ಮಾಡು ಊರಿಗೆ ಕೆಟ್ಟದು, ಊರಿಗೆ ಒಳ್ಳೆಯದಾದದ್ದು ಶಾಲೆಗೆ ಕೆಟ್ಟದು. ಹಳೆಯ ಗರಡಿಗೆ ಈ ಪೇಚು ಬರಲಿಲ್ಲ. ಅಲ್ಲಿ ಸುಡುಹಗಲಿನಲ್ಲಿ ಯಾರೂ ಕುಸ್ತಿಗೆ ಇಳಿಯುತ್ತಿರಲಿಲ್ಲ.

ಪರಿಹಾರ ಉಂಟು. ಗೋಡೆ ಭಾರವಾಗಿರಲಿ, ಮಾಡು ಹಗುರವಾಗಿರಲಿ. ಆದರೆ ಹಗುರವಾದ ಮಾಡು ಒಂದಲ್ಲ, ಎರಡಿರಲಿ. ಮೇಲೆ ಬೆಳ್ಳಗೆ ಬಳಿದ ತಗಡು. ಒಂದು ಅಡಿಯ ತೆರವು ಬಿಟ್ಟು ಕೆಳಗೆ ಬಿದಿರು ಚಾಪೆಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. (ಇಂಥ ಬಿದಿರಿನ ಹಲಗೆಗಳನ್ನು ರೂಪಿಸುವ ಕೆಲಸ ಬೆಂಗಳೂರಿನ ಪ್ಲೈವುಡ್ ಸಂಶೋಧನ ಸಂಸ್ಥೆಯಲ್ಲಿಯೇ ನಡೆದಿದೆ.) ಹೊಸ ಬಿಳುಪು ಬಿಸಿಲಿನ ಮುಕ್ಕಾಲು ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಉಳಿದುದು ತಗಡನ್ನು ಕಾಯಿಸಿದರೂ ನಡುವಿನ ತೆರವಿನಲ್ಲಿ ಗಾಳಿ ಬಿಸಿಯಾಗಿ ಮೇಲೇರಿ ಮಾಡಿನ ನೆತ್ತಿಯ ಬಿರುಕಿನಿಂದ ಹೊರಟುಹೋಗುತ್ತದೆ. ಬಿದಿರಿಗೆ ತಲುಪುವುದು ಅತ್ಯಲ್ಪ. ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ತಗಡು ತಣ್ಣಗಾಗುತ್ತದೆ. ಬಿದಿರಿನ ಹಲಗೆ ಚೆಂಡಿನ ಸದ್ದನ್ನೂ ಮಳೆಯ ಸದ್ದನ್ನೂ ನುಂಗಿಕೊಳ್ಳುತ್ತದೆ. ಬಿಳುಪು ಮಾತ್ರ ಧೂಳಿನಿಂದ ಮಾಸುತ್ತದೆ. ಒಂದೆರಡು ವರ್ಷಕ್ಕೊಮ್ಮೆ, ಯುಗಾದಿಗೆ ಮನೆಗೆ ಸುಣ್ಣ ಹೊಡೆಯುವಂತೆ, ಮತ್ತೆ ಬಳಿಯಬೇಕು.

ಗೋಡೆಗೆ ಬೇಕಾದ ಮಣ್ಣು ಕಾಲ ಕೆಳಗೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರವಿದ್ಯೆಗಾಗಿ 'ಅಸ್ತ್ರ' ಎಂಬ ಕೇಂದ್ರವೊಂದು ಆರಂಭವಾಯಿತು. ಅಮೂಲ್ಯ ಕೆ. ಎನ್. ರೆಡ್ಡಿ ಅದರ ರೂವಾರಿ, ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪರಿಷ್ಕರಿಸಿದರು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ತೇವದಲ್ಲಿಟ್ಟರೆ ಇಟ್ಟಿಗೆ ಸಿದ್ಧ. ಗೂಡಿಗೆ ಹಾಕಿ ಸುಡುವ ಕೆಲಸವೇ ಇಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಕಟ್ಟಡದ ಕರೆಂಟನ್ನು ಮಾತ್ರ ಲೆಕ್ಕ ಹಾಕಿ, ಅದರ ಇಟ್ಟಿಗೆ ಸುಡಲು ಉರಿದ ಸೌದೆಯನ್ನು ಮರೆಯುವುದು ಸರಿಯಲ್ಲ. ತಳಪಾಯಕ್ಕೂ ಕೆಳಗಿನ ಮೂರಡಿಗೂ ಆ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಬೆಣಚುಕಲ್ಲು ಇದ್ದೇ ಇದೆ.

ಇನ್ನು ಒಳಗಿರುವವರ ಬಿಸಿ. ಸುಮ್ಮನೆ ಕುಳಿತ ಮನುಷ್ಯ ನೂರು ವಾಟಿನ ಹಳೆಯ ಬಲ್ಬಿನಷ್ಟು ಶಾಖ ಬೀರುತ್ತಾನೆ. ಬಿರುಸಾಗಿ ಆಡುವವನು ಅದರ ಐದರಷ್ಟು. ಮೂವತ್ತು ಜನ ಆಡುತ್ತಿದ್ದರೆ 15 ಕಿಲೋವಾಟ್. ಇದನ್ನು ಯಂತ್ರದ ತಂಪಿನಿಂದ ತೆಗೆಯಹೊರಟರೆ ಶಾಲೆಯ ಗತಿ ಏನು? ಒಳಗಿನ ಗಾಳಿ ಹೊರಗಿನದಕ್ಕಿಂತ ಎರಡು ಡಿಗ್ರಿ ಮಾತ್ರ ಬೆಚ್ಚಗಿರಲೆಂದರೆ ಗಂಟೆಗೆ ಎಂಟೊಂಬತ್ತು ಸಲ ಇಡೀ ಶಾಲೆಯ ಗಾಳಿ ಬದಲಾಗಬೇಕು. ಬಿಸಿಗಾಳಿ ತಾನಾಗಿ ಮೇಲೇರುತ್ತದಷ್ಟೆ. ಹಳ್ಳಿಯ ಅಡಿಗೆಮನೆಯ ಹೊಗೆಗೂಡು ಮಾಡುವ ಕೆಲಸವೇ ಇಲ್ಲಿ ಆಗಬೇಕಾದುದು. ಗೋಡೆಯ ಬುಡದಲ್ಲಿ ಜಾಲಂಧ್ರ, ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ತೆರವು. ಎರಡರ ನಡುವಿನ ಎತ್ತರ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಏಳೆಂಟು ಮೀಟರಿನ ಎತ್ತರ ಹೇಗೂ ಚೆಂಡಿಗಾಗಿ ಬೇಕಾಗಿಯೇ ಇತ್ತು. ನೆತ್ತಿಯ ತೆರವಿಗೆ ತಂತಿಬಲೆ ಹೊಡೆಯದಿದ್ದರೆ ವರ್ಷದೊಳಗೆ ಅದು ಪಾರಿವಾಳಗಳ ವ್ಯಾಯಾಮಶಾಲೆಯಾದೀತು. ಬುಡದ ಜಾಲಂಧ್ರಕ್ಕೆ ಮರದ ಬಾಗಿಲುಗಳಿರಬೇಕು: ಕಬಡ್ಡಿಗೆ ಗಾಳಿ ಬೇಕು, ಷಟಲ್ ಕಾಕಿಗೆ ಗಾಳಿಯೇ ಶತ್ರು.

ದೀಪದ ಲೆಕ್ಕ ಚಿಕ್ಕದು. ಸಂಜೆ ಮೂರು ಗಂಟೆ ಆಡಲು ಈಗಿನ ಎಲ್‌ಇಡಿ ದೀಪಗಳು ಒಟ್ಟು ಒಂದೂವರೆ ಕಿಲೋವಾಟ್ ಇದ್ದರೆ ಸಾಕು, ನಾಲ್ಕೂವರೆ ಯೂನಿಟ್ಟು. ಹಳೆಯ ಫ್ಯಾನು 75 ವಾಟ್ ತಿನ್ನುತ್ತಿತ್ತು, ಹೊಸ ಬಗೆಯದು 30 ವಾಟಿನಷ್ಟರಲ್ಲೇ ತಿರುಗುತ್ತದೆ. ಅಂಥ ಆರು ಫ್ಯಾನು ಆರು ಗಂಟೆ ತಿರುಗಿದರೆ ಒಂದು ಯೂನಿಟ್ಟಿಗೆ ಸ್ವಲ್ಪ ಹೆಚ್ಚು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟಿನ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುತ್ತದೆ. ಎರಡು ಕಿಲೋವಾಟಿನ ಫಲಕಗಳನ್ನು ಮಾಡಿನ ದಕ್ಷಿಣದ ಇಳಿಜಾರಿನಲ್ಲಿಟ್ಟರೆ ಲೆಕ್ಕ ತೀರಿ ಸ್ವಲ್ಪ ಮಿಗುತ್ತದೆ. ಅಲ್ಲಿನ ಅಕ್ಷಾಂಶಕ್ಕೆ ಸಮನಾಗಿ ಹದಿನಾಲ್ಕು ಡಿಗ್ರಿಯ ಓರೆ ಫಲಕಕ್ಕೂ ಹಿತ, ತಗಡಿನ ಮಾಡಿಗೂ ಒಪ್ಪುತ್ತದೆ. ಹಗಲು ಬಂದ ಕರೆಂಟನ್ನು ಸರಬರಾಜು ಕಂಪನಿಯ ತಂತಿಗೆ ಕೊಟ್ಟು ಸಂಜೆ ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಿಕೊಂಡರೆ ಬ್ಯಾಟರಿಯ ಖರ್ಚೂ ತಪ್ಪುತ್ತದೆ. ಮಾಡು ಮತ್ತು ಸೂರು ಸೇರಿ 400 ಚದರ ಮೀಟರ್ ಆದರೆ ಒಂದು ಸೆಂಟಿಮೀಟರ್ ಮಳೆಗೆ 4,000 ಲೀಟರ್ ನೀರು ಇಳಿಯುತ್ತದೆ. ನೀರಿಗಾಗಿ ಮುಗಿಲು ನೋಡುವ ಸೀಮೆಯಲ್ಲಿ ಅದನ್ನು ಚರಂಡಿಗೆ ಬಿಡಲು ಯಾರಿಗೆ ಮನಸ್ಸು ಬಂದೀತು?

ಕುಸ್ತಿಯ ಮಟ್ಟಿಯನ್ನು ಈ ಶಾಲೆಯೊಳಗೆ ತರಬಾರದು. ಧೂಳು ಹಾರಿ ಅಂಗಳ ಹಾಳಾಗುತ್ತದೆ. ಪೂರ್ವದ ಕುರುಡು ಗೋಡೆಯ ಆಚೆಗೆ, ಹಂಚಿನ ಮಾಡಿನಡಿ, ಮೂರಡಿ ತಗ್ಗಿನಲ್ಲಿ ಅದಕ್ಕೊಂದು ಕೋಣೆ ಮಾಡಿದರೆ ಹಳೆಯ ಗರಡಿಯೂ ಉಳಿಯಿತು, ಬೆಳಗಿನ ಬಿಸಿಲಿನಿಂದ ಗೋಡೆಗೂ ರಕ್ಷಣೆಯಾಯಿತು. ಮಳೆಯ ನೀರು ಒಳಗೆ ಜಿನುಗದಂತೆ ಸುತ್ತ ಕಾಲುವೆ ಬೇಕೆಂಬುದನ್ನು ಮೇಸ್ತ್ರಿಗಳೇ ಹೇಳುತ್ತಾರೆ.

ಬೀಗದ ಕೈ ಯಾರಲ್ಲಿ?

ಶಾಲೆಯನ್ನು ಊರಿಗೂ ತೆರೆಯಬೇಕೆಂಬ ವಿಚಾರವನ್ನು ಇಂಗ್ಲೆಂಡಿನ ಕೇಂಬ್ರಿಜ್‌ಷೈರಿನಲ್ಲಿ ಹೆನ್ರಿ ಮಾರಿಸ್ ಎಂಬ ಶಿಕ್ಷಣಾಧಿಕಾರಿ 1924ರಲ್ಲಿಯೇ ಬರೆದಿಟ್ಟಿದ್ದರು. ಹಳ್ಳಿಗೆ ಒಂದು ಸಭಾಂಗಣ, ಒಂದು ಪುಸ್ತಕ ಭಂಡಾರ, ಒಂದು ಶಾಲೆ ಎಂದು ಬೇರೆ ಬೇರೆಯಾಗಿ ಕಟ್ಟುವ ಬದಲು ಎಲ್ಲವನ್ನೂ ಒಂದೇ ಸೂರಿನಡಿ ತರಬೇಕೆಂಬುದು ಅವರ ಯೋಜನೆ. 1930ರಲ್ಲಿ ಸಾಸ್ಟನ್ನಿನಲ್ಲಿ ಮೊದಲ ಗ್ರಾಮ ವಿದ್ಯಾಲಯ ತೆರೆಯಿತು. 1939ರಲ್ಲಿ ಇಂಪಿಂಗ್ಟನ್ನಿನಲ್ಲಿ ತೆರೆದುದಕ್ಕೆ ವಾಲ್ಟರ್ ಗ್ರೋಪಿಯಸ್ ಮತ್ತು ಮ್ಯಾಕ್ಸ್‌ವೆಲ್ ಫ್ರೈ ನಕ್ಷೆ ಬರೆದರು. ಈ ಫ್ರೈ ಮುಂದೆ ಚಂಡೀಗಢವನ್ನು ಕಟ್ಟಲು ನಮ್ಮ ದೇಶಕ್ಕೆ ಬಂದರು. ಉಷ್ಣವಲಯದ ವಾಸ್ತುವಿನ ವಿಷಯದಲ್ಲಿ ಕೋನಿಗ್ಸ್‌ಬರ್ಗರರ ಜೊತೆಗಾರರೂ ಆದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗೌರಿಬಿದನೂರಿನ ಪಕ್ಕದ ಹೊಸೂರಿನಿಂದ 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದ ಬಡಹುಡುಗ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಮಾಡಿ ತೋರಿಸಿದ್ದು ಇದನ್ನೇ. 1962ರಲ್ಲಿ ಅವರ ಮುಂದಾಳತನದಲ್ಲಿ ಆರಂಭವಾದ ಬೆಂಗಳೂರು ವಿಜ್ಞಾನ ವೇದಿಕೆ ವಾರವಾರವೂ ಸಂಜೆ ಕಾಲೇಜಿನ ಸಭಾಂಗಣವನ್ನು ಊರಿನವರಿಗೆ ತೆರೆಯಿತು. ಬಂದವರಿಂದ ಹಣ ಕೇಳಲಿಲ್ಲ, ಜಾತಿ ಕೇಳಲಿಲ್ಲ. ಹಗಲು ವಿದ್ಯಾರ್ಥಿಗಳು ಕುಳಿತ ಬೆಂಚಿನಲ್ಲಿ ಸಂಜೆ ಗುಮಾಸ್ತರೂ ಗೃಹಿಣಿಯರೂ ಕುಳಿತು ನಕ್ಷತ್ರಗಳ ವಿಷಯ ಕೇಳಿದರು. ನರಸಿಂಹಯ್ಯನವರು ತಮ್ಮ ತಾಲ್ಲೂಕಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ವಿದ್ಯಾಸಂಸ್ಥೆಗಳನ್ನು ಬೆಳೆಸಿದರು.

ವ್ಯಾಯಾಮಶಾಲೆಯನ್ನು ತೆರೆದಿಡುವುದು ಉಪನ್ಯಾಸಕ್ಕಿಂತ ತೊಡಕು. ಮುಖ್ಯೋಪಾಧ್ಯಾಯರ ಭಯ ನ್ಯಾಯವಾದದ್ದು: ಸಂಜೆ ಬಂದವರು ತರಗತಿಗಳಿಗೆ ನುಗ್ಗಿದರೆ? ಸಾಮಾನು ಹೋದರೆ? ಇದಕ್ಕೂ ಅರ್ಧ ಉತ್ತರ ನಕ್ಷೆಯಲ್ಲಿಯೇ ಇದೆ. ಕಟ್ಟಡ ಶಾಲೆಯ ಆವರಣದ ಅಂಚಿನಲ್ಲಿ ನಿಲ್ಲಲಿ. ಒಂದು ಬಾಗಿಲು ಶಾಲೆಯತ್ತ, ಇನ್ನೊಂದು ಬೀದಿಯತ್ತ. ಶೌಚಾಲಯ ಮತ್ತು ನೀರಿನ ನಲ್ಲಿ ಎರಡು ಕಡೆಯವರಿಗೂ ದೊರೆಯುವಂತಿರಲಿ. ಹೆಂಗಸರದು ಬೇರೆ, ಬೆಳಕಿನಲ್ಲಿ, ಬೀದಿಗೆ ಹತ್ತಿರದಲ್ಲಿ. ಸಂಜೆ ಶಾಲೆಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಬೀದಿಯ ಬಾಗಿಲು ತೆರೆಯುತ್ತದೆ. ಕರೆಂಟಿನ ಮೀಟರೂ ಬೇರೆಯಾಗಿದ್ದರೆ ಯಾರು ಎಷ್ಟು ಉರಿಸಿದರೆಂಬ ವ್ಯಾಜ್ಯವೇ ಹುಟ್ಟದು.

ಉಳಿದರ್ಧ ಮನುಷ್ಯರ ಕೈಯಲ್ಲಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ತಂದೆತಾಯಿಗಳೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಸಮಿತಿಗಳು 2001ರಿಂದ ಬಂದಿವೆ. ಬೀಗದ ಕೈ, ವೇಳೆಯ ಪಟ್ಟಿ, ಚಂದಾ, ಮುರಿದ ಸಾಮಾನಿನ ಹೊಣೆ, ಇವೆಲ್ಲ ಅಂಥ ಸಮಿತಿಗೂ ಗ್ರಾಮ ಪಂಚಾಯಿತಿಗೂ ನಡುವೆ ಬರವಣಿಗೆಯಲ್ಲಿ ಇತ್ಯರ್ಥವಾಗಬೇಕು. ಅದೂ ತಳಪಾಯ ತೋಡುವುದಕ್ಕೆ ಮೊದಲು. ವೇಳೆಯ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೊತ್ತು ಉಳಿಕೆಯ ಹೊತ್ತಾಗಬಾರದು. ಹುಡುಗರೆಲ್ಲ ಆಡಿ ಮುಗಿಸಿದ ರಾತ್ರಿ ಎಂಟೂವರೆಯನ್ನು ಹುಡುಗಿಯರಿಗೆ ಬರೆದುಕೊಟ್ಟು, ಆಮೇಲೆ ಅವರು ಬರಲೇ ಇಲ್ಲವೆಂದು ದೂರುವುದು ಎಲ್ಲ ಕಡೆಯೂ ನಡೆಯುವ ನಾಟಕ. ಶಾಲೆ ಬಿಟ್ಟ ಕೂಡಲೆ, ಹಗಲ ಬೆಳಕಿರುವಾಗ, ಮೊದಲ ಗಂಟೆ ಅವರದಾಗಲಿ. ತಾಯಂದಿರು ಕುಳಿತು ನೋಡಲು ಉತ್ತರದ ಜಗಲಿಯಲ್ಲಿ ಉದ್ದನೆಯ ಕಲ್ಲು ಚಪ್ಪಡಿ ಹಾಕಿದರೆ ಅವರೂ ಬರುತ್ತಾರೆ. ಕೆಲವು ದಿನಗಳಲ್ಲಿ ತಾವೂ ಒಳಗೆ ಹೋಗುತ್ತಾರೆ.

ನಕ್ಷೆ ಬರೆಯುವವರು ಪಟ್ಟಣದಿಂದ ಬರುವ ಮುನ್ನ ಮಕ್ಕಳೇ ಮಾಡಿಡಬಹುದಾದ ಒಂದು ಕೆಲಸವುಂಟು. ಜಾಗದ ನಡುವೆ ಹತ್ತಡಿಯ ಗಳುವೊಂದನ್ನು ನೆಟ್ಟು ವರ್ಷವಿಡೀ ನಡುಹಗಲಿನ ನೆರಳನ್ನು ಅಳೆದು ಗೋಡೆಯ ಮೇಲೆ ಬರೆಯುತ್ತ ಹೋಗಬೇಕು. ಡಿಸೆಂಬರ್ 21ರಂದು ನೆರಳು ಉತ್ತರಕ್ಕೆ ಏಳೂವರೆ ಅಡಿ ಚಾಚುತ್ತದೆ. ಬರಬರುತ್ತ ಕುಗ್ಗಿ ಏಪ್ರಿಲ್ ಕೊನೆಯಲ್ಲಿ ಮಾಯವಾಗುತ್ತದೆ. ಜೂನ್ 21ರಂದು ದಕ್ಷಿಣಕ್ಕೆ ತಿರುಗಿ ಒಂದೂಮುಕ್ಕಾಲು ಅಡಿಯಾಗಿರುತ್ತದೆ. ಆಗಸ್ಟಿನ ನಡುವೆ ಇನ್ನೊಮ್ಮೆ ಮಾಯ. ಸೂರನ್ನು ಎಷ್ಟು ಚಾಚಬೇಕೆಂಬುದನ್ನು ಆ ಗೋಡೆಯ ಬರವಣಿಗೆ ನೋಡಿ ಮೇಸ್ತ್ರಿಗೆ ಏಳನೆಯ ತರಗತಿಯ ಹುಡುಗಿಯೇ ಹೇಳಿಕೊಡಬಲ್ಲಳು.